ಮೆಲ್ಬರ್ನ್‌ನಲ್ಲಿ ಯಾವ ಕಡೆ ಮನೆ ಮಾಡೋದು, ಹಿತ್ತಲೂ ಬೇಕು ಅಂದವರಿಗೆ

ಪ್ರಶ್ನೆ ಓದಿದೆ. ಪಿಆರ್ (ಖಾಯಂ ವಾಸದ ವೀಸಾ) ಬಂದಿದೆ, ಜನವರಿಗೆ ಹೊರಡ್ತಿದ್ದೀರಿ. ಯಜಮಾನರ ಆಫೀಸು ನಗರದ ನಡುಭಾಗಕ್ಕೆ ಅಂಟಿಕೊಂಡಿರೋ ಡಾಕ್‌ಲ್ಯಾಂಡ್ಸ್‌ನಲ್ಲಿ. ನೀವು ಲ್ಯಾಬ್ ಟೆಕ್ನಿಷಿಯನ್, ಕೆಲಸ ಅಲ್ಲಿಗೆ ಹೋದ ಮೇಲೆ ಹುಡುಕ್ಬೇಕು. ಮಗಳು ಐದನೇ ಕ್ಲಾಸು, ಮಗನಿಗೆ ನಾಲ್ಕು ವರ್ಷ, ಅತ್ತೆ ಜೊತೆಗೆ ಬರ್ತಾರೆ. ಶಿವಮೊಗ್ಗದ ಹಿತ್ತಲು ಬಿಟ್ಟು ಹೋಗೋ ಸಂಕಟಕ್ಕೆ ಅಲ್ಲೂ ನಾಲ್ಕು ಗಿಡ ಬೆಳೀಬೇಕು. ಇದಕ್ಕೆ ಇಲ್ಲಿವರೆಗೆ ಬಂದ ಉತ್ತರ ಎರಡೇ: "ಕಣ್ಣು ಮುಚ್ಕೊಂಡು ಟಾರ್ನೀಟ್‌ಗೆ ಹೋಗಿ", "ಸ್ಕೂಲ್ ಮುಖ್ಯ ಅಂದ್ರೆ ಗ್ಲೆನ್ ವೇವರ್ಲಿ". ಟಾರ್ನೀಟ್ ನಗರದ ಪಶ್ಚಿಮಕ್ಕೆ, ಗ್ಲೆನ್ ವೇವರ್ಲಿ ಪೂರ್ವಕ್ಕೆ. ಎರಡು ಮಾತೂ ಸುಳ್ಳಲ್ಲ, ಆದ್ರೆ ನಿಮ್ಮ ಮನೆ ಲೆಕ್ಕಕ್ಕೆ ಎರಡೂ ಸಾಲಲ್ಲ.

ಬಡಾವಣೆ ಹೆಸರು ಹಿಡ್ಕೊಂಡು ಹುಡುಕ್ಬೇಡಿ. ಮನೆಯಲ್ಲಿ ಕಾರು ಓಡಿಸದವರು ಯಾರ್ಯಾರು ಅಂತ ಮೊದಲು ಎಣಿಸಿ, ಅವರಿಗೆ ಹೊಂದೋ ಬೀದಿ ಹುಡುಕಿ. ನಿಮ್ಮಲ್ಲಿ ಅತ್ತೆ, ಇಬ್ಬರು ಮಕ್ಕಳು, ಬಹುಶಃ ಮೊದಲ ವರ್ಷ ನೀವೂ. ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದಲ್ಲಿ ಪಿಆರ್ ಮೇಲೆ ಬಂದವರು ಭಾರತದ ಲೈಸೆನ್ಸ್‌ನಲ್ಲಿ 6 ತಿಂಗಳು ಮಾತ್ರ ಓಡಿಸಬಹುದು, ಅಷ್ಟರೊಳಗೆ ಅಲ್ಲಿನ ಪರೀಕ್ಷೆ ಪಾಸಾಗ್ಬೇಕು. ಒಂದೇ ಕಾರು, ಅದನ್ನ ಯಜಮಾನರು ಸ್ಟೇಷನ್ ಹತ್ರ ನಿಲ್ಲಿಸಿ ಹೋದ್ರು ಅಂತಿಟ್ಕೊಳ್ಳಿ. ಸಂಜೆವರೆಗೆ ಉಳಿದ ನಾಲ್ಕು ಜನ ಮನೆಯಲ್ಲೇ. ಹೊಸ ಲೇಔಟ್‌ಗಳಲ್ಲಿ ಹಗಲು ಹೊತ್ತು ರಸ್ತೇಲಿ ಒಂದು ನರಪಿಳ್ಳೆ ಕಾಣಲ್ಲ. ಊರಲ್ಲಿ ಕಾಂಪೌಂಡ್ ಮೇಲಿಂದ ಪಕ್ಕದ ಮನೆಯವರ ಜೊತೆ ಮಾತಾಡಿ ಅಭ್ಯಾಸ ಇರೋ ಅತ್ತೆಯಂಥವರಿಗೆ ಚಳಿಗಿಂತ ಅದೇ ಹೆಚ್ಚು ಕೊರೆಯತ್ತೆ. "ಯಾವಾಗ ವಾಪಸ್ ಟಿಕೆಟ್?" ಅಂತ ಮೂರನೇ ವಾರಕ್ಕೆ ಕೇಳೋ ಹಿರಿಯರನ್ನ ಅಲ್ಲಿ ಎಷ್ಟೋ ಮನೇಲಿ ನೋಡಿದೀನಿ.

ಆಫೀಸು ಡಾಕ್‌ಲ್ಯಾಂಡ್ಸ್ ಅಂದ್ರೆ ಇಳಿಯೋ ಸ್ಟೇಷನ್ ಸದರ್ನ್ ಕ್ರಾಸ್, ಅಲ್ಲಿಂದ ನಡ್ಕೊಂಡು ಹೋಗಬಹುದು. ಹಾಗಾಗಿ ಪಶ್ಚಿಮ ದಿಕ್ಕು ನಿಮಗೆ ನಿಜಕ್ಕೂ ಅನುಕೂಲ. ಪೂರ್ವದ ಗ್ಲೆನ್ ವೇವರ್ಲಿಯಿಂದಲೂ ರೈಲಿದೆ, ಆದ್ರೆ ಬಾಡಿಗೆ ಹೆಚ್ಚು. ಆಗ್ನೇಯದ ಕ್ಲೈಡ್ ನಾರ್ತ್‌ನಲ್ಲಿ ನಮ್ಮವರು ಬಹಳ ಜನ ಇದ್ದಾರೆ, ಮನೆಗಳೂ ಚೆನ್ನಾಗಿವೆ, ಆದ್ರೆ ರೈಲಿಗೆ ಕ್ರ್ಯಾನ್‌ಬರ್ನ್‌ಗೋ ಬೆರಿಕ್‌ಗೋ ಹೋಗ್ಬೇಕು. ದಿನಾ ಡಾಕ್‌ಲ್ಯಾಂಡ್ಸ್‌ಗೆ ಹೋಗೋರಿಗೆ ಆ ಕಡೆ ನಾನು ಹೇಳಲ್ಲ.

ಟಾರ್ನೀಟ್ ವಿಷಯ. 2015ರಲ್ಲಿ ಹೊಸ ಹಳಿ ಹಾಕಿ ಟಾರ್ನೀಟ್, ವಿಂಡಮ್ ವೇಲ್‌ನಲ್ಲಿ ಸ್ಟೇಷನ್ ತೆರೆದ ಮೇಲೆ ಆ ಕಡೆ ಬೆಳೆದ ಪರಿ ಹೇಳತೀರದು. ಸದರ್ನ್ ಕ್ರಾಸ್‌ಗೆ ಹೆಚ್ಚು ಕಡಿಮೆ ಅರ್ಧ ಗಂಟೆ. ಆದ್ರೆ ಅದು ಜೀಲಾಂಗ್ ಕಡೆಯಿಂದ ಬರೋ ವಿ-ಲೈನ್ ಅನ್ನೋ ಹೊರ ಊರಿನ ಡೀಸೆಲ್ ಗಾಡಿ, ನಗರದ ಮೆಟ್ರೋ ಅಲ್ಲ. ಬೆಳಿಗ್ಗೆ ಟಾರ್ನೀಟ್‌ಗೆ ಬರೋ ಹೊತ್ತಿಗೆ ತುಂಬಿರತ್ತೆ, ಸೀಟಿನ ಆಸೆ ಇಟ್ಕೋಬೇಡಿ. ಇನ್ನೊಂದು, ಟಾರ್ನೀಟ್ ದೊಡ್ಡದು. ಜಾಹೀರಾತಲ್ಲಿ "ಟಾರ್ನೀಟ್" ಅಂತಿರೋ ಮನೆ ಸ್ಟೇಷನ್‌ನಿಂದ ಹತ್ತು ನಿಮಿಷದ ನಡಿಗೇಲೂ ಇರಬಹುದು, ನಾಲ್ಕೈದು ಕಿಲೋಮೀಟರ್ ಆಚೆಗೂ ಇರಬಹುದು. ಪಾಯಿಂಟ್ ಕುಕ್ ಕಥೆಯೂ ಇದೇ. ಸಮುದ್ರ ಹತ್ರ, ಊರು ಚಂದ, ಆದ್ರೆ ಅಲ್ಲೇ ಸ್ಟೇಷನ್ ಇಲ್ಲ, ವಿಲಿಯಮ್ಸ್ ಲ್ಯಾಂಡಿಂಗ್‌ಗೆ ಬರಬೇಕು. ಬೆಳಿಗ್ಗೆ ಊರಿಂದ ಹೊರಬೀಳೋ ರಸ್ತೆಗಳಲ್ಲಿ ಸಾಲು ನಿಂತಿರತ್ತೆ.

ನನ್ನ ಕೇಳಿದ್ರೆ ಮೊದಲು ಹಾಪರ್ಸ್ ಕ್ರಾಸಿಂಗ್ ಮತ್ತು ವೆರಿಬೀಯ ಹಳೇ ಭಾಗ ನೋಡಿ. ಟಾರ್ನೀಟ್ ಪಕ್ಕದಲ್ಲೇ ಇವೆ, ಅದೇ ದಿನಸಿ ಅಂಗಡಿಗಳು, ಅದೇ ದೋಸೆ ಹೋಟೆಲುಗಳು ಕೈಗೆ ಸಿಗ್ತವೆ. ಎಲೆಕ್ಟ್ರಿಕ್ ರೈಲು ಇದೆ. ಮನೆಗಳು ಹಳೇವು, ಅಡುಗೆಮನೆ ನೋಡಿದ್ರೆ ಮೂಗು ಮುರೀಬಹುದು, ಆದ್ರೆ ಸೈಟು ದೊಡ್ಡದು. ಹಿತ್ತಲ ನಡುವೆ ಕೊಡೆಯ ಕಡ್ಡಿ ಬಿಚ್ಚಿಟ್ಟ ಹಾಗೆ ತಿರುಗೋ ಬಟ್ಟೆ ಒಣಗಿಸೋ ಕಂಬ, ಮೂಲೇಲಿ ಒಂದು ತಗಡಿನ ಶೆಡ್ಡು, ಬೇಲಿ ಪಕ್ಕ ಮೈತುಂಬ ಕಾಯಿ ಬಿಟ್ಟ ನಿಂಬೆ ಮರ. ಈ ಮೂರೂ ಕಂಡ್ರೆ ಅದು ಗಿಡದವರ ಹಿತ್ತಲು ಅಂತ ತಿಳ್ಕೊಳ್ಳಿ. ಹೊಸ ಲೇಔಟ್‌ನಲ್ಲಿ 350–400 ಚದರ ಮೀಟರ್ ಸೈಟಿನ ತುಂಬ ಮನೆ ಕಟ್ಟಿ, ಹಿಂದೆ ನಾಲ್ಕು ಮೀಟರ್ ಪಟ್ಟಿ ಬಿಟ್ಟಿರ್ತಾರೆ, ಅದಕ್ಕೂ ಅರ್ಧ ಕಾಂಕ್ರೀಟು.

ಉತ್ತರದಲ್ಲಿ ಲೇಲರ್, ಥಾಮಸ್‌ಟೌನ್, ರೆಸರ್ವಾಯರ್ ಕೂಡ ಪಟ್ಟೀಲಿ ಇರಲಿ. ಇಟಲಿ, ಗ್ರೀಸ್, ಮ್ಯಾಸಿಡೋನಿಯಾ ಕಡೆಯಿಂದ ಬಂದವರು ನೆಲೆ ನಿಂತ ಬೀದಿಗಳು. ಅಂಜೂರ, ಆಲಿವ್, ದ್ರಾಕ್ಷಿ ಚಪ್ಪರ ಇರೋ ಮನೆ ಬಾಡಿಗೆಗೆ ಸಿಕ್ಕಿದ್ರೆ ಅದೃಷ್ಟ. ವರ್ಷಗಟ್ಟಲೆ ಗೊಬ್ಬರ ಕಂಡ ಮಣ್ಣು ಅದು.

ಈಗ ಬಿಸಿಲು, ನಮ್ಮವರು ಎಡವೋದೇ ಇಲ್ಲಿ. ಪೂರ್ವ ಬಾಗಿಲು, ಈಶಾನ್ಯ ಮೂಲೆ ಅಂತ ಹುಡುಕ್ತಾರೆ. ವಾಸ್ತು ನಂಬೋರು ನಂಬಲಿ, ನನ್ನದೇನೂ ತಕರಾರಿಲ್ಲ. ಆದ್ರೆ ಅಲ್ಲಿ ಸೂರ್ಯ ಓಡಾಡೋದು ಉತ್ತರದ ಆಕಾಶದಲ್ಲಿ. ಹಿತ್ತಲು ಉತ್ತರಕ್ಕೆ ತೆರೆದಿದ್ರೆ ಬೆಳೆ, ದಕ್ಷಿಣಕ್ಕಿದ್ರೆ ಚಳಿಗಾಲ ಪೂರ್ತಿ ಮನೆಯ ನೆರಳು, ಪಾಚಿ. ಲೆಕ್ಕ ಹೇಳ್ತೀನಿ ನೋಡಿ. ಜೂನ್ ಕೊನೇಲಿ, ಅಲ್ಲಿ ಅದು ಚಳಿಗಾಲ, ಮಧ್ಯಾಹ್ನವೂ ಸೂರ್ಯ 29 ಡಿಗ್ರಿಗಿಂತ ಮೇಲೆ ಬರಲ್ಲ. 1.8 ಮೀಟರ್ ಮರದ ಬೇಲಿ ಆಗ 3.2 ಮೀಟರ್ ಉದ್ದ ನೆರಳು ಚೆಲ್ಲತ್ತೆ, ಅದೂ ನಡು ಮಧ್ಯಾಹ್ನ. ಉತ್ತರಕ್ಕೆ ಬೇಲಿ ಇರೋ ನಾಲ್ಕು ಮೀಟರ್ ಹಿತ್ತಲಲ್ಲಿ ಉಳಿಯೋ ಬಿಸಿಲು ಒಂದು ಮಡಿಯಷ್ಟೂ ಅಲ್ಲ. ಬೇಲಿಯಾಚೆ ಎರಡಂತಸ್ತಿನ ಮನೆ ಇದ್ರಂತೂ ಮುಗೀತು. ಮನೆ ನೋಡೋಕೆ ಹೋದಾಗ ಫೋನಿನ ದಿಕ್ಸೂಚಿ ತೆಗೀರಿ, ಏಜೆಂಟ್ ಹೇಳೋದನ್ನ ನಂಬ್ಕೊಂಡು ಕೂರಬೇಡಿ.

ಮಣ್ಣು, ಮಳೆ ಎರಡರಲ್ಲೂ ಪಶ್ಚಿಮ ಸ್ವಲ್ಪ ಬಡವ. ಟಾರ್ನೀಟ್, ವೆರಿಬೀ ಕಡೆ ಜ್ವಾಲಾಮುಖಿ ಬಯಲಿನ ಜೇಡಿ. ಬೇಸಿಗೇಲಿ ಕೈ ತೂರೋ ಹಾಗೆ ಬಿರುಕು, ಚಳಿಗಾಲದಲ್ಲಿ ಗುದ್ದಲಿ ಬಿಡದ ಅಂಟು, ಅಗೆದ್ರೆ ಕಲ್ಲು. ನಮ್ಮ ಕಡೆ ಎರೆ ಭೂಮಿ ನೋಡಿದವರಿಗೆ ಹೊಸತಲ್ಲ. ವರ್ಷಕ್ಕೆ 500–550 ಮಿಲಿಮೀಟರ್ ಮಳೆ, ಮೇಲೆ ಬಯಲ ಗಾಳಿ. ಪೂರ್ವಕ್ಕೆ ಹೋದ ಹಾಗೆ ಮಳೆ ಏರ್ತಾ ಡ್ಯಾಂಡೆನಾಂಗ್ ಬೆಟ್ಟದಲ್ಲಿ 1000 ದಾಟತ್ತೆ. ಹಾಗಂತ ಎದೆಗುಂದಬೇಡಿ, ವೆರಿಬೀ ಸೌತ್‌ನಲ್ಲೇ ಹೂಕೋಸು, ಬ್ರೊಕೊಲಿ ಹೊಲಗಳು ಸಾಲಾಗಿವೆ. ಜಿಪ್ಸಮ್, ಕಾಂಪೋಸ್ಟು ಹಾಕಿ ಏರುಮಡಿ ಮಾಡ್ಕೊಂಡ್ರೆ ಎರಡನೇ ವರ್ಷಕ್ಕೆ ದಾರಿಗೆ ಬರತ್ತೆ. ಕೆಲವು ಹೊಸ ಲೇಔಟ್‌ಗಳಲ್ಲಿ ನೇರಳೆ ಬಣ್ಣದ ನಲ್ಲಿ ಇರತ್ತೆ, ಶುದ್ಧೀಕರಿಸಿದ ಮರುಬಳಕೆ ನೀರು. ಗಿಡಕ್ಕೆ ಧಾರಾಳವಾಗಿ ಬಿಡಬಹುದು, ಕುಡಿಯೋಕಲ್ಲ, ಮಕ್ಕಳಿಗೆ ಮೊದಲ ದಿನವೇ ತೋರಿಸಿ. ಫುಟ್ಸ್‌ಕ್ರೇ, ಯಾರವಿಲ್‌ನಂಥ ಹಳೇ ಕೇರಿಯಲ್ಲಿ ಮನೆ ಸಿಕ್ಕಿದ್ರೆ ನೆಲಕ್ಕೆ ಬೀಜ ಹಾಕೋ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಹಳೇ ಬಣ್ಣದ ಸೀಸ ಗೋಡೆ ಬುಡದ ಮಣ್ಣಲ್ಲಿ ಉಳಿದಿರತ್ತೆ. ಮಣ್ಣು ಪರೀಕ್ಷೆ ಮಾಡೋ ಲ್ಯಾಬಿಗೆ ಮಾದರಿ ಕಳಿಸಿದ್ರೆ ನೋಡಿ ಹೇಳ್ತಾರೆ.

ಯಾರೂ ಬರೆಯದ ಒಂದು ವಿಷಯ: ಮಗನಿಗೋ ಮಗಳಿಗೋ ವೀಸಿಂಗ್, ಅಲರ್ಜಿ ಶೀತ ಇದ್ಯಾ? 2016ರ ನವೆಂಬರ್ 21ರ ಸಂಜೆ ಒಂದು ಗುಡುಗು ಮಳೆ ಬಂದು, ರೈ ಹುಲ್ಲಿನ ಪರಾಗ ಒಡೆದು ಗಾಳಿಗೆ ಸೇರಿ, ಮೆಲ್ಬರ್ನ್‌ನಲ್ಲಿ ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದ್ರು, 10 ಜನ ತೀರಿಕೊಂಡ್ರು. ಅವತ್ತು ನರಳಿದವರಲ್ಲಿ ನಮ್ಮ ದೇಶದ ಮೂಲದವರು ಬಹಳ ಇದ್ರು. ಊರಲ್ಲಿ ಏನೂ ಇಲ್ಲದವರಿಗೂ ಎರಡು ಮೂರು ವಸಂತ ಕಳೆದ ಮೇಲೆ ಕಣ್ಣುರಿ, ಸೀನು ಶುರುವಾಗಬಹುದು. ಹುಲ್ಲುಬಯಲು ಇರೋದು ಪಶ್ಚಿಮ, ಉತ್ತರಕ್ಕೆ, ಆದ್ರೆ ಪರಾಗ ಊರೆಲ್ಲ ಹಾರತ್ತೆ, ಅದಕ್ಕೆ ಹೆದರಿ ಬಡಾವಣೆ ಬದಲಿಸೋ ಅಗತ್ಯ ಇಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಸರ್ಕಾರದ ವಿಕ್-ಎಮರ್ಜೆನ್ಸಿ ಆ್ಯಪ್‌ನಲ್ಲಿ ಮುನ್ಸೂಚನೆ ನೋಡಿ, ಅಪಾಯ ಅಂದ ದಿನ ಗುಡುಗಿಗೆ ಮುಂಚೆ ಹಿತ್ತಲಿಂದ ಒಳಗೆ ಬನ್ನಿ, ಕಿಟಕಿ ಹಾಕಿ. ಪಫರ್ (ಇನ್‌ಹೇಲರ್) ಮನೇಲಿರಲಿ.

ಸ್ಕೂಲು. ಸರ್ಕಾರಿ ಶಾಲೆಗೆ ವಲಯ ಇರತ್ತೆ, ವಲಯದೊಳಗೆ ಖಾಯಂ ವಾಸ ಇದ್ರೆ ಸೀಟು ಕೊಡಲೇಬೇಕು. ಗ್ಲೆನ್ ವೇವರ್ಲಿ, ಬಾಲ್ವಿನ್, ಮೆಕಿನನ್ ಬಾಡಿಗೆ ಏರಿರೋದು ಆ ಹೈಸ್ಕೂಲುಗಳ ವಲಯದ ಹೆಸರಲ್ಲೇ. ರಸ್ತೆಯ ಈ ಬದಿ ಒಳಗೆ, ಆ ಬದಿ ಹೊರಗೆ ಅನ್ನೋದೂ ಉಂಟು. ಸರ್ಕಾರದ "ಫೈಂಡ್ ಮೈ ಸ್ಕೂಲ್" ನಕ್ಷೇಲಿ ಮನೆ ವಿಳಾಸ ಹಾಕಿ ನೀವೇ ನೋಡಿ. ಮಗಳಿಗೆ ಇನ್ನೂ ಪ್ರೈಮರಿ. ಅವಳು ಹೈಸ್ಕೂಲಿಗೆ ಬರೋ ಹೊತ್ತಿಗೆ ನಿಮಗೆ ಊರು ಗೊತ್ತಾಗಿರತ್ತೆ. ಪರೀಕ್ಷೆ ಬರೆದು 9ನೇ ತರಗತಿಗೆ ಸೇರೋ ಸುಝ್ಯಾನ್ ಕೋರಿ ಹೈಸ್ಕೂಲು ಇರೋದು ವೆರಿಬೀಯಲ್ಲೇ, ಅದಕ್ಕೆ ಪೂರ್ವದ ಬಾಡಿಗೆ ಕಟ್ಟಬೇಕಿಲ್ಲ. ಮಗನ ವಿಷಯ: ಆ ವರ್ಷದ ಏಪ್ರಿಲ್ 30ರೊಳಗೆ 5 ತುಂಬಿದ್ರೆ ಪ್ರೆಪ್‌ಗೆ, ಅಂದ್ರೆ ಪ್ರೈಮರಿಯ ಮೊದಲ ವರ್ಷಕ್ಕೆ, ಸೇರಿಸಬಹುದು, ಇಲ್ಲಾಂದ್ರೆ ಅದಕ್ಕೆ ಹಿಂದಿನ ಶಿಶುವಿಹಾರ, ಕಿಂಡರ್. ಕಿಂಡರ್ ಈಗ ಬಹುತೇಕ ಕಡೆ ಉಚಿತ, ಆದ್ರೆ ಜನವರೀಲಿ ಬಂದವರಿಗೆ ಪಕ್ಕದ್ದರಲ್ಲೇ ಜಾಗ ಉಳಿದಿರತ್ತೆ ಅನ್ನೋ ಹಾಗಿಲ್ಲ. ಅಲ್ಲಿನ ಕೌನ್ಸಿಲ್‌ಗೆ ಇಲ್ಲಿಂದಲೇ ಮೇಲ್ ಹಾಕಿ.

ನಿಮ್ಮ ಕೆಲಸಕ್ಕೂ ಪಶ್ಚಿಮ ಕೆಟ್ಟದ್ದಲ್ಲ. ಸನ್‌ಶೈನ್ ಆಸ್ಪತ್ರೆ, ಫುಟ್ಸ್‌ಕ್ರೇ ಆಸ್ಪತ್ರೆ, ವೆರಿಬೀ ಮರ್ಸಿ ಇವೆ. ಎಲ್ಲಾದ್ರೂ ಆಗ್ನೇಯದ ಕ್ಲೇಟನ್‌ನ ಮೊನಾಶ್ ಆಸ್ಪತ್ರೆ ಕಡೆ ಕೆಲಸ ಸಿಕ್ಕಿದ್ರೆ ಲೆಕ್ಕ ಪೂರ್ತಿ ತಿರುಗತ್ತೆ. ಅದಕ್ಕೇ ಹೇಳೋದು, ಮೊದಲ ವರ್ಷ ಬಾಡಿಗೆ ಮನೆ. "ಈಗಲೇ ಲ್ಯಾಂಡ್ ಬುಕ್ ಮಾಡಿ, ರೇಟು ಏರತ್ತೆ" ಅನ್ನೋ ಬಂಧುಗಳು ವಾಟ್ಸಾಪ್‌ನಲ್ಲಿ ಬಂದೇ ಬರ್ತಾರೆ. ಅವರು ಕೊಂಡ ಬೀದಿಗೆ ಜೊತೆ ಬೇಕಾಗಿರತ್ತೆ, ಅಷ್ಟೆ.

ಬಾಡಿಗೆ ವಾರದ ಲೆಕ್ಕ. ವಾರಕ್ಕೆ 550 ಡಾಲರ್ ಅಂದ್ರೆ ತಿಂಗಳಿಗೆ 2200 ಅಲ್ಲ, 52ರಿಂದ ಗುಣಿಸಿ 12ರಿಂದ ಭಾಗಿಸಿ, 2383 ಆಗತ್ತೆ. ಮುಂಗಡ ಸಾಮಾನ್ಯವಾಗಿ ಒಂದು ತಿಂಗಳದ್ದು, ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಾಟ ಇಲ್ಲ. ನೆಲ ಅಗೆದು ತರಕಾರಿ ಮಡಿ ಮಾಡೋಕೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಕೇಳಿ, ಸರಿಯಾದ ಕಾರಣ ಇಲ್ಲದೆ ಬೇಡ ಅನ್ನೋ ಹಾಗಿಲ್ಲ. ಕುಂಡಕ್ಕೆ ಯಾರ ಅಪ್ಪಣೆಯೂ ಬೇಡ. ಮನೆ ಒಪ್ಪೋ ಮುಂಚೆ ಅತ್ತೆಯನ್ನ ಕರ್ಕೊಂಡು ಆ ಮನೆಯಿಂದ ಹಾಲು ಸಿಗೋ ಅಂಗಡಿಗೆ, ಪಾರ್ಕಿಗೆ, ಬಸ್‌ಸ್ಟಾಪಿಗೆ ಒಂದು ಸಲ ನಡೀರಿ. ಆಮೇಲೆ ಮನೆ ಕೊಳ್ಳೋ ಹೊತ್ತಿಗೆ ಸರ್ಕಾರದ ವಿಕ್‌ಪ್ಲಾನ್ ನಕ್ಷೇಲಿ ಪ್ರವಾಹ, ಕಾಡ್ಗಿಚ್ಚಿನ ಗುರುತು ಇದ್ಯಾ ನೋಡಿ. 2022ರ ಅಕ್ಟೋಬರ್‌ನಲ್ಲಿ ಮರಿಬಿರ್ನಾಂಗ್ ಹೊಳೆ ಮನೆಗಳಿಗೇ ನುಗ್ಗಿತ್ತು.

ಕೊನೆಗೆ ಬೀಜ. ಸೊಪ್ಪಿನ ಬೀಜ, ಕರಿಬೇವಿನ ಕಡ್ಡಿ, ಅಜ್ಜಿ ಕಟ್ಟಿಕೊಟ್ಟ ಹೀರೆ ಬೀಜದ ಗಂಟು ಯಾವುದನ್ನೂ ಸೂಟ್‌ಕೇಸಿಗೆ ಹಾಕ್ಬೇಡಿ. ಅಕಸ್ಮಾತ್ ಇದ್ರೆ ವಿಮಾನದಲ್ಲಿ ಕೊಡೋ ಚೀಟೀಲಿ ಬರೆದು ಒಪ್ಪಿಸಿಬಿಡಿ, ಮುಚ್ಚಿಟ್ರೆ ದಂಡ ಭಾರಿ. ಅಲ್ಲಿನ ದಿನಸಿ ಅಂಗಡಿಯ ಅಡುಗೆ ಮೆಂತ್ಯ, ಕೊತ್ತಂಬರಿ ಬೀಜವೇ ಚೆನ್ನಾಗಿ ಮೊಳೆಯತ್ತೆ. ಮಾರ್ಚ್‌ನಲ್ಲಿ ಚೆಲ್ಲಿ, ಚಳಿ ಪೂರ್ತಿ ಕುಯ್ಯಬಹುದು. ಕರಿಬೇವು ನರ್ಸರೀಲಿ ಸಿಗತ್ತೆ. ದೊಡ್ಡ ಕುಂಡದಲ್ಲಿಟ್ಟು ಉತ್ತರಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಗೆ ಒರಗಿಸಿ, ಜುಲೈನಲ್ಲಿ ಎಲೆ ಉದುರಿಸಿದ್ರೆ ಕಿತ್ತೆಸೀಬೇಡಿ, ನೀರು ಕಡಿಮೆ ಮಾಡಿ ಕಾಯಿರಿ. ಟೊಮೆಟೊ, ಬದನೆ, ಬಸಳೆಗೆ ಅವಸರ ಬೇಡ. ಮೆಲ್ಬರ್ನ್ ಕಪ್ ಕುದುರೆ ರೇಸಿನ ದಿನ, ಅಂದ್ರೆ ನವೆಂಬರ್ ಮೊದಲ ಮಂಗಳವಾರ, ಟೊಮೆಟೊ ನೆಡೋದು ಅಲ್ಲಿನವರ ರೂಢಿ. ಅದರಲ್ಲಿ ಅರ್ಥ ಇದೆ, ಅದಕ್ಕೆ ಮುಂಚೆ ಮಣ್ಣು ಬೆಚ್ಚಗಾಗಿರಲ್ಲ.

ಎರಡು ಮೂರು ಮನೆ ಆರಿಸಿದ ಮೇಲೆ ವಿಳಾಸ ಇಲ್ಲಿ ಹಾಕ್ಬೇಡಿ, ನನಗೆ ಮೆಸೇಜ್ ಮಾಡಿ. ದಿಕ್ಕು, ಸ್ಟೇಷನ್ ದೂರ ನೋಡಿ ಹೇಳ್ತೀನಿ.