ಕಣಕ್ಕೂ ಅಸ್ಥಿಪಂಜರ ಇರುತ್ತಾ?

ಪ್ರಶ್ನೆ: ನನ್ನ ತಂಗಿ ಮಗನಿಗೆ ಈಗ ಮೂರು ವರ್ಷ. ಹುಟ್ಟಿದ ತಿಂಗಳಿಂದಲೇ ಮೈಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಮೊಣಕೈ ಸಂದಿಯಲ್ಲಿ ಇಸುಬು, ಕಿವಿ ಸೋರೋದು ನಿಲ್ತಾನೇ ಇಲ್ಲ. ಜೀನ್ ಟೆಸ್ಟ್ ಆದ್ಮೇಲೆ ವಿಸ್ಕಾಟ್-ಆಲ್‌ಡ್ರಿಚ್ ಸಿಂಡ್ರೋಮ್ ಅಂದ್ರು, ರಕ್ತದ ಕಣಗಳ ಅಸ್ಥಿಪಂಜರದಲ್ಲೇ ತೊಂದರೆ ಅಂತ ಡಾಕ್ಟರ್ ಹೇಳಿದ್ರಂತೆ. ಅವತ್ತಿಂದ ನಮ್ಮಮ್ಮ ಮೂಳೆ ಗಟ್ಟಿಯಾಗ್ಲಿ ಅಂತ ದಿನಾ ರಾಗಿ ಸರಿ, ಹಾಲು ಕೊಡ್ತಿದಾರೆ. ಕಣಕ್ಕೂ ಅಸ್ಥಿಪಂಜರ ಇರುತ್ತಾ? ಅದಕ್ಕೂ ಇನ್‌ಫೆಕ್ಷನ್ ಆಗೋದಕ್ಕೂ ಏನು ಸಂಬಂಧ?
— ಓದುಗರು, ದಾವಣಗೆರೆ

ಉತ್ತರ: ರಾಗಿ ಸರಿ ಕೊಡ್ಲಿ, ಮಗುವಿಗೆ ಒಳ್ಳೇದೇ. ಆದ್ರೆ ಡಾಕ್ಟರ್ ಹೇಳಿದ ಅಸ್ಥಿಪಂಜರದಲ್ಲಿ ಮೂಳೆನೂ ಇಲ್ಲ, ಕ್ಯಾಲ್ಸಿಯಂ ಕೊಟ್ಟು ಗಟ್ಟಿ ಮಾಡೋಕೂ ಆಗಲ್ಲ. ಅದು ಪ್ರತಿಯೊಂದು ಜೀವಕೋಶದ ಒಳಗಿರೋ ಪ್ರೋಟೀನ್ ಎಳೆಗಳ ಬಲೆ. ಅದ್ರಲ್ಲಿ ಮುಖ್ಯವಾದದ್ದು ಆಕ್ಟಿನ್ ಅನ್ನೋ ಎಳೆ, ದಪ್ಪ ಬರೀ 7 ನ್ಯಾನೋಮೀಟರ್, ನಮ್ಮ ತಲೆಕೂದಲಿನ ಹತ್ತು ಸಾವಿರದಲ್ಲಿ ಒಂದು ಪಾಲು ಅಂದ್ಕೊಳಿ. ಅಸ್ಥಿಪಂಜರ ಅನ್ನೋ ಹೆಸರೇ ನನಗೆ ಅಷ್ಟು ಸರಿ ಅನ್ಸಲ್ಲ, ಯಾಕಂದ್ರೆ ಮೂಳೆ ನಿಂತ ಕಡೆ ನಿಲ್ಲುತ್ತೆ, ಇದು ಮದುವೆ ಮನೆ ಚಪ್ಪರದ ಥರ, ಬೇಕಾದ ಕಡೆ ಗಳ ನೆಟ್ಟು ಕಟ್ತಾರೆ, ಕೆಲಸ ಮುಗೀತಿದ್ದಂಗೆ ಬಿಚ್ಚಿ ಅದೇ ಗಳ ಇನ್ನೊಂದು ಕಡೆಗೆ ಒಯ್ತಾರೆ. ಕೋಶದೊಳಗೆ ಈ ಕಟ್ಟೋದು ಬಿಚ್ಚೋದು ಸೆಕೆಂಡುಗಳ ಲೆಕ್ಕದಲ್ಲಿ ನಡೀತಾನೇ ಇರುತ್ತೆ.

ಈಗ ಇನ್‌ಫೆಕ್ಷನ್ ವಿಷಯ. ನಮ್ಮ ಬಿಳಿ ರಕ್ತಕಣಗಳಲ್ಲಿ ಟಿ ಕೋಶ ಅಂತ ಒಂದು ಜಾತಿ ಇದೆ, ಅದಕ್ಕೆ ಕಣ್ಣಿಲ್ಲ ಮೂಗಿಲ್ಲ, ರೋಗಾಣುವಿನ ತುಣುಕನ್ನ, ಅಂದ್ರೆ ಆಂಟಿಜೆನ್‌ನ, ಅದು ಮುಟ್ಟಿ ನೋಡೇ ಗುರುತು ಹಿಡೀಬೇಕು. ಅದರ ಮೈತುಂಬ ಆಕ್ಟಿನ್ ಎಳೆಗಳೇ ಒಳಗಿಂದ ತಳ್ಳಿ ಎಬ್ಬಿಸಿದ ಸಣ್ಣ ಸಣ್ಣ ಬೆರಳುಗಳಿರುತ್ತೆ, ಎದುರಿಗೆ ಬಂದ ಕೋಶದ ಮೇಲೆ ಅವನ್ನ ಆಡಿಸ್ತಾ ತಡಕುತ್ತೆ. ನಿಜವಾದ ಆಂಟಿಜೆನ್ ಬರೀ ನಾಲ್ಕಾರು ಸಿಕ್ಕಿದ್ರೂ ಸಾಕು, ಸುತ್ತಮುತ್ತ ಇರೋ ಸಾವಿರಾರು ನಿರಪಾಯದ ತುಣುಕುಗಳ ಮಧ್ಯೆ ಅದನ್ನ ಆರಿಸುತ್ತೆ. ಹೇಗೆ ಅಂದ್ರೆ, ಮುಟ್ಟಿ ಸುಮ್ನೆ ಬಿಡಲ್ಲ, ಹಿಡಿದು ಎಳೆಯುತ್ತೆ! ಬೇರೆ ತುಣುಕಾದ್ರೆ ಎಳೆದ ತಕ್ಷಣ ಹಿಡಿತ ಜಾರುತ್ತೆ, ಸರಿಯಾದ ಆಂಟಿಜೆನ್ ಆದ್ರೆ ಎಳೆದಾಗ್ಲೇ ಇನ್ನೂ ಸ್ವಲ್ಪ ಹೊತ್ತು ಕಚ್ಕೊಳುತ್ತೆ, ಹಸು ಜಗ್ಗಿದಷ್ಟೂ ಬಿಗಿಯಾಗೋ ಕುಣಿಕೆ ಥರ. ಹೀಗೆ ಎಳೆಯೋ ಬಲ ಎಲ್ಲಿಂದ ಬಂತು? ಆ ಆಕ್ಟಿನ್ ಬಲೆಯಿಂದ್ಲೇ.

ಗುರುತು ಸಿಕ್ಕಿತು ಅಂದ್ರೆ ಟಿ ಕೋಶ ಓಡಾಟ ನಿಲ್ಲಿಸಿ ಎದುರಿನ ಕೋಶಕ್ಕೆ ಚಪ್ಪಟೆಯಾಗಿ ಅಂಟ್ಕೊಳುತ್ತೆ, ಆಕ್ಟಿನ್ ಅಂಚಿಗೆ ಉಂಗುರದ ಥರ ಸರಿಯುತ್ತೆ, ಮಧ್ಯ ಖಾಲಿ ಆಗುತ್ತೆ. ಕೊಲ್ಲೋ ಜಾತಿಯ ಟಿ ಕೋಶ ಆದ್ರೆ ಕೆಲವೇ ನಿಮಿಷದಲ್ಲಿ ತನ್ನ ಒಳಗಿನ ಇನ್ನೊಂದು ನಮೂನೆ ಎಳೆಗಳನ್ನ, ಮೈಕ್ರೋಟ್ಯೂಬ್ಯೂಲ್ ಅಂತಾರೆ, ಬುಡಸಮೇತ ಆ ಕಡೆಗೆ ತಿರುಗಿಸಿ, ಅದರ ಮೇಲೆ ವಿಷದ ಸಂಚಿಗಳನ್ನ ಸಾಗಿಸಿ, ಆ ಖಾಲಿ ಜಾಗದಲ್ಲೇ ಸುರಿಯುತ್ತೆ. ಅಕ್ಕಪಕ್ಕದ ಒಳ್ಳೆ ಕೋಶಕ್ಕೆ ಪೆಟ್ಟಾಗಲ್ಲ. ಇದರ ವಿಡಿಯೋ ಮೊದಲ ಸಲ ನೋಡಿದಾಗ ನಾನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೀನಿ.

ನಿಮ್ಮ ತಂಗಿ ಮಗನಿಗೆ ತೊಂದರೆ ಆಗಿರೋದು ಇಲ್ಲೇ. ಆಕ್ಟಿನ್ ಎಳೆಗೆ ಕವಲು ಒಡೆಸೋಕೆ ಅಪ್ಪಣೆ ಕೊಡೋ ಪ್ರೋಟೀನ್ ಒಂದಿದೆ, ವಾಸ್ಪ್ ಅಂತ, ರಕ್ತಕಣಗಳಲ್ಲಿ ಮಾತ್ರ ಇರುತ್ತೆ, ಅವನ ಕಣಗಳಲ್ಲಿ ಅದು ಇಲ್ಲ ಅಥವಾ ಕೆಟ್ಟಿದೆ. ಕವಲು ಒಡೀದೆ ಬಲೆ ಆಗಲ್ಲ, ಬಲೆ ಇಲ್ದೆ ಟಿ ಕೋಶದ ಹಿಡಿತ ನಿಲ್ಲಲ್ಲ, ರೋಗಾಣು ನುಂಗೋ ಕೋಶಗಳು ಜಾಗಕ್ಕೆ ಬೇಗ ಹೋಗಲ್ಲ. ಆಂಟಿಬಾಡಿ ಮಾಡೋ ಬಿ ಕೋಶಕ್ಕೂ ಇದೇ ಪಾಡು, ಅದ್ರಲ್ಲೂ ಸಕ್ಕರೆಯ ಹೊದಿಕೆ ಹೊದ್ದ ಬ್ಯಾಕ್ಟೀರಿಯಾಗಳ ವಿರುದ್ಧ ಈ ಮಕ್ಕಳಲ್ಲಿ ಆಂಟಿಬಾಡಿ ಸರಿಯಾಗಿ ಹುಟ್ಟಲ್ಲ. ಕಿವಿ ಸೋರಿಸೋ ನ್ಯೂಮೋಕಾಕಸ್ ಆ ಗುಂಪಿಂದೇ. ಕೆಂಪು ಚುಕ್ಕೆ ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಮ್ಮಿ ಇರೋದ್ರಿಂದ, ಇರೋವೂ ಸಣ್ಣ ಗಾತ್ರದವು.

1937ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಸ್ಕಾಟ್ ಒಂದೇ ಮನೆಯ ಮೂವರು ಗಂಡುಮಕ್ಕಳಲ್ಲಿ ಇದನ್ನ ನೋಡಿ ಬರೆದ್ರು, ಅಕ್ಕತಂಗಿಯರು ಆರೋಗ್ಯವಾಗಿದ್ರು. 1954ರಲ್ಲಿ ಅಮೆರಿಕದ ರಾಬರ್ಟ್ ಆಲ್‌ಡ್ರಿಚ್ ಇದು ತಾಯಿ ಕೊಡೋ ಎಕ್ಸ್ ಕ್ರೋಮೋಸೋಮ್ ಮೂಲಕ ಗಂಡುಮಕ್ಕಳಿಗೆ ಬರುತ್ತೆ ಅಂತ ತೋರಿಸಿದ್ರು, ಜೀನ್ ಸಿಕ್ಕಿದ್ದು 1994ರಲ್ಲಿ. ತಾಯಿ ಬಸುರಿಯಾಗಿದ್ದಾಗ ಏನೋ ತಿಂದ್ಲು, ಗ್ರಹಣ ನೋಡಿದ್ಲು ಅಂತ ಮನೆಯಲ್ಲಿ ಯಾರಾದ್ರೂ ಅಂದ್ರೆ ದಯವಿಟ್ಟು ಅಲ್ಲೇ ತಡೀರಿ, ಆ ಹೆಣ್ಣುಮಗಳು ಈಗ್ಲೇ ಸಾಕಷ್ಟು ಅತ್ತಿರ್ತಾಳೆ. ಇನ್ನೊಂದು ಮಾತು ನೀವು ಕೇಳಿಲ್ಲ, ಆದ್ರೂ ಹೇಳ್ಬೇಕು: ನಿಮ್ಮ ತಂಗಿಯ ಜೀನ್‌ನಲ್ಲಿ ಈ ತಪ್ಪು ಇದ್ರೆ, ನೀವು ಅವಳ ಅಕ್ಕ ಆಗಿದ್ರೆ ನಿಮ್ಮಲ್ಲೂ ಇರಬಹುದು, ನಿಮಗೆ ಏನೂ ಗೊತ್ತಾಗದೆ. ಅಂಥ ತಾಯಿಯ ಪ್ರತಿ ಗಂಡುಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಜೆನೆಟಿಕ್ ಕೌನ್ಸೆಲಿಂಗ್‌ಗೆ ಇಬ್ಬರೂ ಜೊತೆಗೆ ಹೋಗಿ.

ಮಗುವಿಗೆ ಈಗ ಮಾಡಬೇಕಾದ್ದು: ಡಾಕ್ಟರ್‌ನ ಕೇಳ್ದೆ ಆಸ್ಪಿರಿನ್, ಐಬುಪ್ರೊಫೆನ್ ಕೊಡ್ಬೇಡಿ, ಜೀವಂತ ರೋಗಾಣು ಇರೋ ಲಸಿಕೆ ಹಾಕಿಸ್ಬೇಡಿ, ತಲೆಗೆ ಪೆಟ್ಟು ಬಿದ್ರೆ ರಾತ್ರಿಯಾದ್ರೂ ಆಸ್ಪತ್ರೆಗೆ ಓಡಿ. ಹೊಂದೋ ದಾನಿ ಸಿಕ್ಕಿದ್ರೆ ರಕ್ತಕಣಗಳು ಹುಟ್ಟೋ ಮೂಳೆಮಜ್ಜೆಯ ಕಸಿಯಿಂದ ಈ ಕಾಯಿಲೆ ವಾಸಿಯಾಗಬಹುದು, ಮೊದಲ ಪ್ರಯತ್ನ 1968ರಲ್ಲೇ ಆಗಿತ್ತು. ಚಿಕ್ಕ ವಯಸ್ಸಲ್ಲಿ ಮಾಡಿಸಿದಷ್ಟೂ ಫಲ ಹೆಚ್ಚು, ಅದಕ್ಕೇ ಮೂರು ವರ್ಷ ಅನ್ನೋದನ್ನ ಓದಿ ನನಗೆ ಆತುರ ಆಗ್ತಿದೆ. ಒಡಹುಟ್ಟಿದವರಿದ್ರೆ ಅವರ ಮಜ್ಜೆ ಹೊಂದುತ್ತಾ ಅಂತ ನೋಡೋ ಎಚ್‌ಎಲ್‌ಎ ಟೆಸ್ಟ್ ಮಾಡಿಸೋ ಬಗ್ಗೆ ಈ ವಾರವೇ ಡಾಕ್ಟರ್ ಹತ್ರ ಮಾತಾಡಿ.

ಪ್ರಶ್ನೆ: ಅಪ್ಪಾಜಿಗೆ ಗೌಟ್, ಅದೇ ಗಂಟು ಊದಿ ನೋಯೋ ಕಾಯಿಲೆ, ಕಾಲ್ಚಿಸಿನ್ ಮಾತ್ರೆ ತಗೋತಾರೆ. ಅದು ಜೀವಕೋಶದ ಅಸ್ಥಿಪಂಜರಾನೇ ಕೆಡಿಸುತ್ತೆ ಅಂತ ಓದಿದೆ, ನಿಜಾನಾ?
— ಓದುಗರು, ಸಾಗರ

ಉತ್ತರ: ನಿಜ, ಅದರಿಂದ್ಲೇ ನೋವು ಇಳಿಯೋದು. ಮೇಲೆ ಹೇಳಿದ ಮೈಕ್ರೋಟ್ಯೂಬ್ಯೂಲ್ ಕಟ್ಟೋ ಇಟ್ಟಿಗೆಗೆ ಅದು ಅಂಟ್ಕೊಳುತ್ತೆ, ಆಗ ಬಿಳಿ ರಕ್ತಕಣಗಳು ಕಾಲಿನ ಗಂಟಿಗೆ ಮುತ್ತಿಗೆ ಹಾಕೋದು ಕಮ್ಮಿ ಆಗಿ ಊತ ಇಳಿಯುತ್ತೆ. ಡಾಕ್ಟರ್ ಬರೆದಷ್ಟು ತಗೊಂಡ್ರೆ ಭಯ ಬೇಡ. ಆದ್ರೆ ನೋವು ಜಾಸ್ತಿ ಅಂತ ಒಂದೇ ಒಂದು ಮಾತ್ರೆನೂ ಹೆಚ್ಚಿಗೆ ನುಂಗಬಾರದು, ಮಿತಿ ಮೀರಿದ್ರೆ ವಾಂತಿಭೇದಿಯಿಂದ ಶುರುವಾಗಿ ಮೂಳೆಮಜ್ಜೆವರೆಗೂ ಪೆಟ್ಟು ಬೀಳುತ್ತೆ. ಮೂತ್ರಪಿಂಡದ ತೊಂದರೆ ಇದ್ರೆ ಡಾಕ್ಟರ್‌ಗೆ ಮೊದಲೇ ಹೇಳಿ. ನಿಮ್ಮ ಕಡೆ ಮಳೆಗಾಲದಲ್ಲಿ ಬೇಲಿಮೇಲೆ ಕೆಂಪು-ಹಳದಿಯಾಗಿ ಅರಳೋ ಅಗ್ನಿಶಿಖೆ ಇದೆಯಲ್ಲ, ಅದರ ಗೆಡ್ಡೆಯಲ್ಲೂ ಇದೇ ಕಾಲ್ಚಿಸಿನ್ ಇರುತ್ತೆ, ಎಷ್ಟಿದೆ ಅಂತ ಅಳೆಯೋಕೆ ಮನೆಯಲ್ಲಿ ಯಾರಿಗೂ ಆಗಲ್ಲ, ಆದ್ರಿಂದ ಗಂಟುನೋವಿಗೆ ಆ ಗೆಡ್ಡೆ ಅರೆದು ಕುಡಿಯೋಕೆ ಯಾರೇ ಹೇಳಿದ್ರೂ ಅಪ್ಪಾಜಿಗೆ ಕುಡಿಸ್ಬೇಡಿ.