ಕ್ಯಾಂಪ್‌ಹಿಲ್ ಸ್ವಯಂಸೇವೆ: ಹೊರಡುವ ಮುಂಚೆ

ವಿಕಲಚೇತನ ಮಕ್ಕಳ ಜೊತೆ ಒಂದು ವರ್ಷ ಸ್ಕಾಟ್ಲೆಂಡಿನ ಕ್ಯಾಂಪ್‌ಹಿಲ್‌ನಲ್ಲಿ (ಆ ಮಕ್ಕಳೂ ನೋಡಿಕೊಳ್ಳುವವರೂ ಒಟ್ಟಿಗೇ ಬದುಕುವ ಸಮುದಾಯ) ಸ್ವಯಂಸೇವೆ ಮಾಡಬೇಕು, ಅನುಭವವಿಲ್ಲ, ಸಂಬಳ ಸಿಗುತ್ತದಾ, ವೀಸಾ ಯಾವುದು ಅಂತ ಕೇಳಿದ್ದೀರಿ.

ಸಂಬಳ ಇಲ್ಲ. ಕೋಣೆ, ಊಟ, ಕೈಖರ್ಚಿಗೆ ಸ್ವಲ್ಪ ದುಡ್ಡು, ಅಷ್ಟೆ. ಬೇಕಾದ್ದು ಬ್ರಿಟನ್ನಿನ ಚಾರಿಟಿ ವರ್ಕರ್ ವೀಸಾ, ಹೆಚ್ಚೆಂದರೆ 12 ತಿಂಗಳು. ಮೊದಲು ಅಲ್ಲಿನ ಸಂಸ್ಥೆ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್, ಅಂದರೆ ನಿಮ್ಮನ್ನು ಕೆಲಸಕ್ಕೆ ಕರೆಸಿಕೊಳ್ಳುತ್ತಿದ್ದೇವೆ ಅನ್ನೋ ದಾಖಲೆ, ಕೊಡಬೇಕು. ವಿಸಿಟರ್ ವೀಸಾದಲ್ಲಾದರೆ ಸ್ವಯಂಸೇವೆ 30 ದಿನ ದಾಟುವಂತಿಲ್ಲ. ಪೊಲೀಸ್ ಕ್ಲಿಯರೆನ್ಸ್ ಕೂಡ ಕೇಳುತ್ತಾರೆ. ಪಾಸ್‌ಪೋರ್ಟ್ ಸೇವಾದಲ್ಲಿ ಅರ್ಜಿ ಹಾಕಿಬಿಡಿ.

ಆದರೆ ಕಷ್ಟ ಕಾಗದದ್ದಲ್ಲ. 1940ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಹತ್ತಿರ ಕ್ಯಾಂಪ್‌ಹಿಲ್ ಶುರುಮಾಡಿದ್ದು ಕಾರ್ಲ್ ಕೋನಿಗ್. ನಾಜಿಗಳಿಂದ ತಪ್ಪಿಸಿಕೊಂಡು ಬಂದ ವಿಯೆನ್ನಾದ ಮಕ್ಕಳ ಡಾಕ್ಟರ್. ಮಕ್ಕಳು, ನೋಡಿಕೊಳ್ಳುವವರು ಎಲ್ಲ ಒಂದೇ ಮನೆಯಲ್ಲಿ ಬದುಕಬೇಕು ಅನ್ನೋದು ಆಗಿನಿಂದ ಬಂದ ಪದ್ಧತಿ. ಹಲ್ಲುಜ್ಜಿಸೋದು, ಸ್ನಾನ, ಒದ್ದೆ ಹಾಸಿಗೆ ಎಲ್ಲ ನಿಮ್ಮ ಪಾಲಿಗೂ ಬರುತ್ತದೆ. ನಾನು ಬೇರೊಂದು ಕಡೆ ಇದ್ದಾಗ ಮಾತಾಡದ ಒಬ್ಬ ಹುಡುಗ ದಿನಾ ಬೆಳಿಗ್ಗೆ ನನ್ನ ಕೈ ಕಚ್ಚುತ್ತಿದ್ದ. ಸಿಟ್ಟು ಅಂದುಕೊಂಡಿದ್ದೆ. ಮೂರು ವಾರ ಆದಮೇಲೆ ಗೊತ್ತಾಯಿತು, ಅವನಿಗೆ ಟ್ಯೂಬ್‌ಲೈಟಿನ ಗುಂಯ್ ಸದ್ದು ತಡೆಯೋಕೆ ಆಗುತ್ತಿರಲಿಲ್ಲ. ಲೈಟ್ ಆರಿಸಿದ ದಿನ ಕಚ್ಚಲಿಲ್ಲ.

ಅದಕ್ಕೇ ಹೇಳುತ್ತೇನೆ, ಸ್ವಯಂಸೇವೆ ಅಂತ ಮಾರುವ ಎರಡು ವಾರದ ಪ್ಯಾಕೇಜ್ ಪ್ರವಾಸಗಳಿಗೆ ಮಾತ್ರ ದುಡ್ಡು ಕೊಡಬೇಡಿ. ಮಗು ಹೊಂದಿಕೊಳ್ಳುವಷ್ಟರಲ್ಲಿ ನೀವು ವಿಮಾನದಲ್ಲಿರುತ್ತೀರಿ. ಅರ್ಜಿಗೆ ಮುಂಚೆ ನಿಮ್ಮೂರಿನ ವಿಶೇಷ ಶಾಲೆಯಲ್ಲೇ ಎರಡು ತಿಂಗಳು ಕೆಲಸ ಮಾಡಿ ನೋಡಿ. ಸಂದರ್ಶನದಲ್ಲಿ ಹೇಳೋಕೂ ಏನಾದರೂ ಇರುತ್ತದೆ, ಅಲ್ವಾ?

ಹಾಂ, ಡಿಸೆಂಬರಿನಲ್ಲಿ ಅಲ್ಲಿ ಮೂರೂವರೆಗೇ ಸೂರ್ಯ ಮುಳುಗುತ್ತಾನೆ. ಸ್ವೆಟರ್ ಜಾಸ್ತಿ ಇಟ್ಟುಕೊಳ್ಳಿ.