ಪಾರ್ಕಿಂಗ್‌ನಲ್ಲಿ ಕಾರು ತಾಗಿದೆ, ತಪ್ಪು ಯಾರದೆಂದು ತಕರಾರು, ಠಾಣೆಯಿಂದ ಫೋನ್ ಬಂದಿದೆ: ಈಗೇನು ಮಾಡಬೇಕು?

ನೀವು ಕೇಳಿರುವುದು ಇಷ್ಟು. ನಿನ್ನೆ ಸಂಜೆ ಬೆಂಗಳೂರಿನ ಒಂದು ಮಾಲ್‌ನ ಬೇಸ್‌ಮೆಂಟಿನಲ್ಲಿ ಕಾರನ್ನು ರಿವರ್ಸ್ ತೆಗೆಯುವಾಗ ಇನ್ನೊಂದು ಕಾರಿಗೆ ತಾಗಿತು. ನಾನು ಬ್ರೇಕ್ ಹಿಡಿದು ನಿಂತಿದ್ದೆ, ಅವರೇ ಉಜ್ಜಿಕೊಂಡು ಹೋದರು ಅನ್ನುತ್ತೀರಿ ನೀವು. ಹಿಂದೆ ನೋಡದೆ ಬಂದು ಗುದ್ದಿದರು ಅನ್ನುತ್ತಾರೆ ಅವರು. 25,000 ರೂಪಾಯಿ ಕೇಳಿದರು, ನೀವು ಕೊಡಲಿಲ್ಲ. ಇವತ್ತು ಬೆಳಗ್ಗೆ ಸಂಚಾರ ಠಾಣೆಯಿಂದ ‘ಗಾಡಿ, ಪೇಪರ್ ತಗೊಂಡು ಬನ್ನಿ’ ಎಂದು ಫೋನ್ ಬಂದಿದೆ. ಯಾರಿಗೂ ಗಾಯವಾಗಿಲ್ಲ.

ತಪ್ಪು ಯಾರದೆಂಬ ತೀರ್ಪು ಠಾಣೆಯಲ್ಲಿ ಆಗುವುದಿಲ್ಲ. ರಿಪೇರಿ ದುಡ್ಡು ವಸೂಲು ಮಾಡಿಕೊಡುವುದೂ ಪೊಲೀಸರ ಕೆಲಸವಲ್ಲ. ಅಲ್ಲಿ ಆಗುವುದು ದಾಖಲೆ. ಸದ್ಯಕ್ಕೆ ಠಾಣೆಯಲ್ಲಿರುವುದು ಅವರ ಅರ್ಜಿ ಒಂದೇ, ನಿಮ್ಮ ಕಡೆಯ ಒಂದು ಸಾಲೂ ಇಲ್ಲ. ಆದ್ದರಿಂದ ನಿಮ್ಮ ಮಾತು ಕಾಗದದ ಮೇಲೆ ಬರಬೇಕು, ಅದನ್ನು ಕೊಟ್ಟಿದ್ದಕ್ಕೆ ಸೀಲು, ಸಹಿ ನಿಮ್ಮ ಕೈಲಿರಬೇಕು. ಮುಂದೆ ವಿಮಾ ಕಂಪನಿಯಾಗಲಿ ನ್ಯಾಯಾಲಯವಾಗಲಿ ನೋಡುವುದು ಆ ಕಾಗದವನ್ನೇ.

ಇವತ್ತೇ ಹೋಗಿ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ, ಗಾಯವಾಗದಿದ್ದರೂ ಬೇರೆಯವರ ಸ್ವತ್ತಿಗೆ ಹಾನಿಯಾಗಿದ್ದರೆ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದಾಗ ಚಾಲಕ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸದಿದ್ದರೆ 187ನೇ ಕಲಂ ಅನ್ವಯವಾಗುತ್ತದೆ: 2019ರ ತಿದ್ದುಪಡಿಯ ನಂತರ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಘಟನೆ ನಿನ್ನೆ ಸಂಜೆಯದ್ದಾದ್ದರಿಂದ ನಿಮಗಿನ್ನೂ ಸಮಯವಿದೆ. ಇಂಥ ಎಷ್ಟೋ ತಕರಾರುಗಳಲ್ಲಿ ಕೊನೆಗೆ ಉಳಿಯುವ ಆರೋಪ ‘ಗುದ್ದಿದರು’ ಅನ್ನುವುದಲ್ಲ, ‘ಗುದ್ದಿ ಹೊರಟುಹೋದರು’ ಅನ್ನುವುದು. ಇವತ್ತೇ ಹೋದರೆ ಆ ಆರೋಪಕ್ಕೆ ಬಲವಿರುವುದಿಲ್ಲ.

ಠಾಣೆಗೆ ಹೋಗುವ ಮೊದಲು ಎರಡು ಕೆಲಸ ಮುಗಿಸಿಕೊಳ್ಳಿ. ಮೊದಲನೆಯದು ಮಾಲ್‌ನ ಸಿಸಿಟಿವಿ. ಕೇಳಿದ ತಕ್ಷಣ ‘ಪೊಲೀಸರು ಬಂದರೆ ಮಾತ್ರ ಕೊಡ್ತೀವಿ’ ಅನ್ನುತ್ತಾರೆ. ಅದಕ್ಕೆ ವಾದ ಬೇಡ. ನೀವು ಕೇಳಬೇಕಾದದ್ದು ಪ್ರತಿಯನ್ನಲ್ಲ, ಅಳಿಸದೆ ಉಳಿಸಿ ಎಂದು. ಮ್ಯಾನೇಜರ್ ಹೆಸರಿಗೆ ಒಂದು ಪತ್ರ ಬರೆಯಿರಿ: ದಿನಾಂಕ, ಯಾವ ಮಹಡಿ, ಕಂಬದ ಸಂಖ್ಯೆ, ಎರಡೂ ಕಾರಿನ ನಂಬರ್, ಘಟನೆಗೆ ಹದಿನೈದು ನಿಮಿಷ ಮೊದಲಿನಿಂದ ಹದಿನೈದು ನಿಮಿಷ ನಂತರದವರೆಗಿನ ದೃಶ್ಯ. ಇಮೇಲ್ ಮಾಡಿ, ಒಂದು ಪ್ರತಿಗೆ ಅಲ್ಲಿನ ಸೀಲು ಹಾಕಿಸಿಕೊಳ್ಳಿ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ, 2017ರ ಪ್ರಕಾರ ಜನ ಸೇರುವ ಇಂಥ ಸಂಸ್ಥೆಗಳು 30 ದಿನದ ದೃಶ್ಯ ಉಳಿಸಿಕೊಂಡು, ಇನ್‌ಸ್ಪೆಕ್ಟರ್ ಕೇಳಿದಾಗ ಕೊಡಬೇಕು. ಆ ಅವಧಿ ದಾಟಿದರೆ ದೃಶ್ಯ ದಾಖಲಿಸುವ ಯಂತ್ರ (ಡಿವಿಆರ್) ತಾನಾಗಿ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ, ಮತ್ತೆ ಸಿಗುವುದಿಲ್ಲ. ನಿಮ್ಮ ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಇದ್ದರೆ ಮೆಮೊರಿ ಕಾರ್ಡನ್ನು ಈಗಲೇ ತೆಗೆದು ಬೇರೆ ಕಾರ್ಡ್ ಹಾಕಿ. ಅದೂ ಸುತ್ತಿ ಸುತ್ತಿ ಬರೆಯುವ ಯಂತ್ರ, ಒಂದೆರಡು ದಿನ ಓಡಿಸಿದರೆ ಬೇಕಾದ ತುಣುಕು ಹೋಗಿರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೊ ಕುಗ್ಗುತ್ತದೆ, ಮೂಲ ಫೈಲಿನ ವಿವರಗಳೂ ಉಳಿಯುವುದಿಲ್ಲ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಕಾರ್ಡ್ ಇದ್ದರೆ ಅದು ಸಲೀಸು.

ಎರಡನೆಯದು ಫೋಟೊ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಸಾಕ್ಷಿ ಇಲ್ಲದ ಕಡೆ ಗೀರೇ ಸಾಕ್ಷಿ. ಕಾರು ತೊಳೆಯಬೇಡಿ, ಪಾಲಿಶ್ ಬೇಡ, ಗ್ಯಾರೇಜಿಗೆ ಬಿಡಬೇಡಿ. ಹಗಲು ಬೆಳಕಿನಲ್ಲಿ ನಾಲ್ಕು ಮೂಲೆಯಿಂದ ಇಡೀ ಕಾರು, ಆಮೇಲೆ ಎರಡಡಿ ದೂರದಿಂದ ಪೆಟ್ಟಾದ ಜಾಗ, ಆಮೇಲೆ ತೀರಾ ಹತ್ತಿರದಿಂದ. ಅಳತೆ ಟೇಪಿನ ಸೊನ್ನೆಯನ್ನು ನೆಲಕ್ಕೆ ತಾಗಿಸಿ ನೆಟ್ಟಗೆ ಹಿಡಿದು, ಗೀರಿನ ಕೆಳ ಅಂಚು, ಮೇಲಿನ ಅಂಚು ಎಷ್ಟು ಸೆಂಟಿಮೀಟರಿನಲ್ಲಿವೆ ಎಂದು ಕಾಣುವಂತೆ ಒಂದು ಚಿತ್ರ ತೆಗೆಯಿರಿ. ಅವರ ಕಾರಿನ ಗೀರಿನ ಎತ್ತರಕ್ಕೂ ನಿಮ್ಮ ಬಂಪರಿನ ಪೆಟ್ಟಿನ ಎತ್ತರಕ್ಕೂ ತಾಳೆಯಾಗದಿದ್ದರೆ ಅದು ಈ ಘಟನೆಯ ಗೀರೇ ಅಲ್ಲ. ಹಳೆಯ ಪೆಟ್ಟುಗಳನ್ನೂ ಇದರ ಜೊತೆ ಸೇರಿಸಿ ದುಡ್ಡು ಕೇಳುವುದು ಬಲು ಸಾಮಾನ್ಯ. ಹಳೆಯ ಗೀರಿನೊಳಗೆ ಧೂಳು, ಮೇಣ ಕೂತಿರುತ್ತದೆ, ತಗಡು ಕಂಡಿದ್ದರೆ ತುಕ್ಕು ಹಿಡಿದಿರುತ್ತದೆ. ಹೊಸತರ ಅಂಚು ಚೂಪಾಗಿರುತ್ತದೆ, ಇನ್ನೊಂದು ಕಾರಿನ ಬಣ್ಣ ಮೆತ್ತಿಕೊಂಡಿರುತ್ತದೆ.

ನೀವು ನಿಂತಿದ್ದಿರಾ, ಚಲಿಸುತ್ತಿದ್ದಿರಾ ಎಂಬುದನ್ನೂ ಗೀರಿನ ಆಕಾರ ಸುಮಾರಾಗಿ ಹೇಳುತ್ತದೆ. ನಿಮ್ಮ ಬಂಪರಿನ ಮೂಲೆಗೆ ಅವರು ಉಜ್ಜಿಕೊಂಡು ಮುಂದೆ ಹೋಗಿದ್ದರೆ, ಅವರ ಬಾಗಿಲ ಮೇಲೆ ಮುಂದಿನಿಂದ ಹಿಂದಕ್ಕೆ ಉದ್ದನೆಯ ಅಡ್ಡ ಗೀರು ಇರುತ್ತದೆ, ನಿಮ್ಮ ಬಂಪರಿನಲ್ಲಿ ಒಂದೇ ಚುಕ್ಕೆಯಷ್ಟು ಜಾಗ ಸವೆದಿರುತ್ತದೆ. ನಿಂತ ಅವರ ಕಾರಿಗೆ ನೀವು ಹಿಂದಕ್ಕೆ ಬಂದು ತಾಗಿಸಿದ್ದರೆ, ಬಾಗಿಲಿನ ಒಂದೇ ಜಾಗ ಒಳಕ್ಕೆ ಕುಸಿದಿರುತ್ತದೆ, ಉದ್ದದ ಗೀರು ಇರುವುದಿಲ್ಲ. ಎರಡೂ ಕಾರು ಚಲಿಸುತ್ತಿದ್ದರೆ ಎರಡೂ ಬಗೆ ಬೆರೆತಿರುತ್ತವೆ. ಹಾಗಾಗಿ ಅವರ ಕಾರಿನ ಚಿತ್ರವೂ ನಿಮ್ಮ ಬಳಿ ಇರಬೇಕು. ನಿನ್ನೆ ತೆಗೆದಿಲ್ಲವಾದರೆ ಠಾಣೆಯ ಮುಂದೆ ಅವರ ಕಾರು ನಿಂತಾಗ ಅಧಿಕಾರಿಗೆ ಹೇಳಿಯೇ ತೆಗೆದುಕೊಳ್ಳಿ.

ಒಂದನ್ನು ಮಾತ್ರ ನೇರವಾಗಿ ಹೇಳಬೇಕು. ರಿವರ್ಸ್ ತೆಗೆಯುವವರ ಮೇಲೆ ಹೊಣೆ ಹೆಚ್ಚು. ಯಾರಿಗೂ ಅಪಾಯ, ಅಡಚಣೆ ಆಗದೆಂದು ಖಚಿತಪಡಿಸಿಕೊಂಡೇ ಹಿಂದಕ್ಕೆ ಬರಬೇಕೆಂದು ಚಾಲನಾ ನಿಯಮಗಳು ಹೇಳುತ್ತವೆ. ಆದ್ದರಿಂದ ‘ನಾನು ನಿಂತಿದ್ದೆ’ ಎಂಬುದಕ್ಕೆ ನಿಮ್ಮ ಕಡೆ ದೃಶ್ಯವೋ ಗೀರಿನ ಆಧಾರವೋ ಇಲ್ಲದಿದ್ದರೆ, ಅನುಮಾನ ಮೊದಲು ನಿಮ್ಮ ಮೇಲೇ ಬೀಳುತ್ತದೆ. ಅದನ್ನು ತಿಳಿದೇ ಹೋಗಿ.

ಹೇಳಿಕೆಯನ್ನು ಮನೆಯಲ್ಲೇ ಬರೆದು ಎರಡು ಪ್ರತಿ ಒಯ್ಯಿರಿ. ಅರ್ಧ ಪುಟ ಸಾಕು. ಹೀಗೆ: ‘ಮಾನ್ಯರೇ, ದಿನಾಂಕ … ರಂದು ಸಂಜೆ ಸುಮಾರು 7.40ಕ್ಕೆ … ಮಾಲ್‌ನ ಬಿ2 ಮಹಡಿಯ ಕಂಬ ಸಂಖ್ಯೆ … ಬಳಿ ನಿಲ್ಲಿಸಿದ್ದ ನನ್ನ ಕಾರನ್ನು ಹಿಮ್ಮುಖವಾಗಿ ಸುಮಾರು ಅರ್ಧ ಕಾರಿನಷ್ಟು ಹೊರತೆಗೆದು, ಎಡಗಡೆಯಿಂದ ಕಾರು ಬರುವುದನ್ನು ಕಂಡು ಬ್ರೇಕ್ ಹಾಕಿ ನಿಲ್ಲಿಸಿದೆನು. ಸದರಿ ಕಾರು ಮುಂದೆ ಹಾದುಹೋಗುವಾಗ ಅದರ ಎಡ ಹಿಂಬಾಗಿಲು ನನ್ನ ಕಾರಿನ ಹಿಂಬದಿ ಬಂಪರಿನ ಎಡ ಮೂಲೆಗೆ ತಾಗಿರುತ್ತದೆ. ಯಾರಿಗೂ ಗಾಯವಾಗಿರುವುದಿಲ್ಲ. ಸ್ಥಳದ ಸಿಸಿಟಿವಿ ದೃಶ್ಯವನ್ನು ಪಡೆದು ಪರಿಶೀಲಿಸಲು ಕೋರುತ್ತೇನೆ.’ ಕಂಡದ್ದು, ಮಾಡಿದ್ದು ಮಾತ್ರ ಬರೆಯಿರಿ. ಎಡ, ಬಲ, ಮಹಡಿ ನಿಮ್ಮ ಘಟನೆಗೆ ತಕ್ಕಂತೆ ಇರಲಿ. ಅವರ ವೇಗ ಇಷ್ಟಿತ್ತು, ಫೋನ್ ನೋಡುತ್ತಿದ್ದರು ಎಂದೆಲ್ಲ ಊಹಿಸಿ ಬರೆದರೆ, ದೃಶ್ಯದಲ್ಲಿ ಅದು ಸುಳ್ಳೆಂದು ಕಂಡ ದಿನ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಓಡಿಸುತ್ತಿದ್ದವರು ಯಾರೋ ಅವರ ಹೆಸರೇ ಇರಲಿ. ಲೈಸೆನ್ಸ್ ಅವಧಿ ಮುಗಿದಿದೆ ಎಂದು ಮನೆಯ ಬೇರೊಬ್ಬರನ್ನು ಚಾಲಕರೆಂದು ತೋರಿಸುವುದು ಚಿಕ್ಕ ತೊಂದರೆಯನ್ನು ದೊಡ್ಡ ಅಪರಾಧ ಮಾಡಿಕೊಂಡಂತೆ. ವಿಮೆಯೂ ಕೈ ಬಿಡುತ್ತದೆ.

ಠಾಣೆಗೆ ಡಿಎಲ್, ಆರ್‌ಸಿ, ವಿಮೆ, ಮಾಲಿನ್ಯ ಪ್ರಮಾಣಪತ್ರ ಒಯ್ಯಿರಿ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದರೂ ಸಾಕು, ಕೊಡುವುದಕ್ಕೆ ಜೆರಾಕ್ಸ್ ಇಟ್ಟುಕೊಳ್ಳಿ. ಮೂಲ ದಾಖಲೆಯನ್ನು ಅವರು ಇಟ್ಟುಕೊಳ್ಳುವುದಾದರೆ ರಸೀದಿ ಕೇಳಿ ಪಡೆಯಿರಿ. ಎದುರಿಗಿರುವವರು ಸಾಮಾನ್ಯವಾಗಿ ಎಎಸ್‌ಐ ಅಥವಾ ಹೆಡ್ ಕಾನ್‌ಸ್ಟೆಬಲ್. ‘ಸರ್, ಅರ್ಜಿಯೋ, ಎನ್‌ಸಿಆರೋ, ಎಫ್‌ಐಆರೋ? ನಂಬರ್ ಎಷ್ಟು?’ ಎಂದು ಮೊದಲೇ ವಿನಯವಾಗಿ ಕೇಳಿ. ಎನ್‌ಸಿಆರ್ ಅಂದರೆ ನ್ಯಾಯಾಲಯದ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಸಣ್ಣ ಅಪರಾಧದ ದಾಖಲೆ. ಮುಂದಿನದೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಬರೀ ಅರ್ಜಿ ಅಥವಾ ಎನ್‌ಸಿಆರ್ ಆಗಿದ್ದರೆ ನಿಮ್ಮ ಹೇಳಿಕೆ ಕೊಟ್ಟು, ಒಂದು ಪ್ರತಿಗೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಬರಬಹುದು. ಈ ಹಂತದಲ್ಲಿ ಕಾರನ್ನು ಠಾಣೆಯಲ್ಲಿ ಬಿಟ್ಟು ಹೋಗಿ ಅಂದರೆ, ಯಾವ ಕಲಂ ಅಡಿ ಎಂದು ಬರೆದುಕೊಡಲು ಕೇಳಿ. ಸಿಸಿಟಿವಿ ದೃಶ್ಯಕ್ಕಾಗಿ ಮಾಲ್‌ಗೆ ಪತ್ರ ಕೊಡಿ ಎಂದು ನಿಮ್ಮ ಹೇಳಿಕೆಯಲ್ಲಿ ಇರುವುದನ್ನೇ ಬಾಯಲ್ಲೂ ನೆನಪಿಸಿ. ಎಫ್‌ಐಆರ್ ಆದ ಮೇಲಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಪ್ರಕಾರ ತನಿಖಾಧಿಕಾರಿ ಅದನ್ನು ಕಡ್ಡಾಯವಾಗಿ ತರಿಸಿಕೊಳ್ಳಬಹುದು.

ಗಾಯವಿಲ್ಲದ ಇಂಥ ತಾಗಾಟಕ್ಕೆ ಎಫ್‌ಐಆರ್ ಆಗುವುದು ಕಡಿಮೆ. ಆದರೆ ದೂರಿನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಸಾಲು ಇದ್ದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಹಾಕಬಹುದು. ಅದು ನಿಲ್ಲಬೇಕಾದರೆ ಎರಡು ಅಂಶ ಬೇಕು: ಸಾರ್ವಜನಿಕ ಮಾರ್ಗವಾಗಿರಬೇಕು, ಮನುಷ್ಯರ ಪ್ರಾಣಕ್ಕೆ ಅಪಾಯವಾಗುವಷ್ಟು ಅಥವಾ ಗಾಯವಾಗುವಷ್ಟು ದುಡುಕು ಇಲ್ಲವೇ ನಿರ್ಲಕ್ಷ್ಯ ಇರಬೇಕು. ನಡೆಯುವ ವೇಗದಲ್ಲಿ ಬಂಪರ್ ತಾಗಿದ್ದು ಎರಡನೆಯದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅಪಾರ್ಟ್‌ಮೆಂಟಿನ ಗೇಟು ಹಾಕಿದ ಪಾರ್ಕಿಂಗ್ ಆಗಿದ್ದರೆ ಮೊದಲನೆಯದೂ ಕಷ್ಟ, ಮಾಲ್‌ನಲ್ಲಿ ಅದು ವಾದಕ್ಕೆ ಬಿಟ್ಟದ್ದು. ಶಿಕ್ಷೆ ಆರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜಾಮೀನು ಸಿಗುವ ಅಪರಾಧ. ಎಫ್‌ಐಆರ್ ಆದರೆ ವಾಹನ ನಿರೀಕ್ಷಕರ ಪರೀಕ್ಷೆ ಇರುತ್ತದೆ, ಜನ ‘ಐಎಂವಿ’ ಅನ್ನುವುದು ಇದನ್ನೇ. ಮೋಟಾರು ವಾಹನ ಕಾಯ್ದೆಯ 136ನೇ ಕಲಂ ಪ್ರಕಾರ ಈ ವಿಧಿಗಳು ಮುಗಿದ 24 ಗಂಟೆಯೊಳಗೆ ಗಾಡಿ ವಾಪಸು ಕೊಡಬೇಕು.

ಬಹಳ ಮಂದಿಗೆ ತಿಳಿಯದ ಸಂಗತಿ ಇಲ್ಲಿದೆ. 281 ರಾಜಿಯಾಗುವ ಅಪರಾಧವಲ್ಲ. ಎಫ್‌ಐಆರ್ ಆದ ಮೇಲೆ ಇಬ್ಬರೂ ಕೈಕುಲುಕಿ ‘ಕೇಸ್ ವಾಪಸ್’ ಅಂದರೆ ಅದು ಮುಗಿಯುವುದಿಲ್ಲ. ಬಿ ರಿಪೋರ್ಟ್ (ಪ್ರಕರಣ ಮುಚ್ಚಲು ಪೊಲೀಸರು ಕೊಡುವ ವರದಿ) ಆಗಬೇಕು, ಇಲ್ಲವೇ ವಿಚಾರಣೆ ನಡೆಯಬೇಕು, ಇಲ್ಲವೇ ಹೈಕೋರ್ಟಿನಲ್ಲಿ ರದ್ದಾಗಬೇಕು. ‘ಕೋರ್ಟಿಗೆ ಹೋಗಿ ತಪ್ಪೊಪ್ಪಿಕೊಂಡು ಸಾವಿರ ರೂಪಾಯಿ ಕಟ್ಟಿ, ಅರ್ಧ ದಿನದ ಕೆಲಸ’ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅದು ಶಿಕ್ಷೆಯೆಂದೇ ದಾಖಲಾಗುತ್ತದೆ, ಹಣದ ದಾವೆ ಬಂದರೆ ನಿಮ್ಮ ವಿರುದ್ಧವೂ ನಿಲ್ಲುತ್ತದೆ. ವಕೀಲರನ್ನು ಕೇಳದೆ ಹಾಗೆ ಮಾಡಬೇಡಿ. ರಾಜಿ ಬೇಕೆಂದರೆ ಅರ್ಜಿಯ ಹಂತದಲ್ಲೇ ಆಗಬೇಕು.

ರಾಜಿಗೆ ಮೊದಲು ವಿಮೆಯ ಲೆಕ್ಕ ನೋಡಿ. ಖಾಸಗಿ ಕಾರಿನ ಪಾಲಿಸಿಯಲ್ಲಿ, ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಹಣ ಕೊಡುವುದಾಗಿ ಮಾತು ಕೊಡಬಾರದು ಎಂಬ ಷರತ್ತಿದೆ. ‘ನನ್ನ ತಪ್ಪಿನಿಂದ’ ಎಂದು ಬರೆದು ಸಹಿ ಹಾಕಿ ಕೊಟ್ಟ ಹಣವನ್ನು ಕಂಪನಿ ತುಂಬಿಕೊಡುವುದಿಲ್ಲ. ಸಣ್ಣ ಹಾನಿಯಲ್ಲಿ ರೂಢಿಯೆಂದರೆ ಅವರವರ ಕಾರು ಅವರವರ ಪಾಲಿಸಿಯಲ್ಲಿ ರಿಪೇರಿ. ಇದಕ್ಕೆ ಸಾಮಾನ್ಯವಾಗಿ ಎಫ್‌ಐಆರ್ ಬೇಕಾಗುವುದಿಲ್ಲ. 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕೂ ದೊಡ್ಡದಕ್ಕೆ 2,000 ರೂಪಾಯಿ ನಿಮ್ಮ ಕೈಯಿಂದ ಹೋಗುತ್ತದೆ. ಜೊತೆಗೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆಗೆ ಇಳಿಯುತ್ತದೆ. ಐದು ವರ್ಷ ಕ್ಲೇಮ್ ಮಾಡದೆ 50 ಶೇಕಡಾ ಮುಟ್ಟಿದವರಿಗೆ ಇದು ದೊಡ್ಡ ನಷ್ಟ. ಬಂಪರಿನ ಮೂಲೆ ಪೇಂಟಿಗೆ ಅದಕ್ಕಿಂತ ಕಡಿಮೆ ಬೀಳುವುದಾದರೆ ಕ್ಲೇಮ್ ಬೇಡ, ಕಂಪನಿಗೆ ಘಟನೆ ತಿಳಿಸಿಡಿ ಅಷ್ಟೇ. ಅವರಿಗೂ ಇದೇ ದಾರಿಯನ್ನು ತೋರಿಸಿ. 25,000 ಎಂಬುದು ಬಾಯಿಲೆಕ್ಕವಾಗಿದ್ದರೆ ವರ್ಕ್‌ಶಾಪಿನ ಲಿಖಿತ ಅಂದಾಜು ಕೇಳಿ, ಯಾವ ಪ್ಯಾನೆಲ್‌ಗೆ ಎಷ್ಟು ಟಿಂಕರಿಂಗ್, ಎಷ್ಟು ಪೇಂಟಿಂಗ್ ಎಂದು ಬಿಡಿಬಿಡಿಯಾಗಿ. ಒಪ್ಪದಿದ್ದರೆ ಅವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಹೋಗಬಹುದು. ಆಗ ಆ ಕಾಗದಗಳನ್ನು ನಿಮ್ಮ ವಿಮಾ ಕಂಪನಿಗೆ ತಕ್ಷಣ ಮುಟ್ಟಿಸಬೇಕು.

ಇಷ್ಟಾದರೂ ನೆಮ್ಮದಿಗಾಗಿ ಒಂದಿಷ್ಟು ಕೊಟ್ಟು ಮುಗಿಸುವುದೇ ಲೇಸು ಅನ್ನಿಸಿದರೆ, ಅದು ತಪ್ಪಲ್ಲ. ಪತ್ರದಲ್ಲಿ ಎರಡೂ ಗಾಡಿ ನಂಬರ್, ದಿನಾಂಕ, ಮೊತ್ತ, ‘ಯಾರ ತಪ್ಪೆಂದು ಒಪ್ಪಿಕೊಳ್ಳದೆ, ಪೂರ್ಣ ಹಾಗೂ ಅಂತಿಮ ಇತ್ಯರ್ಥ’ ಎಂಬ ಸಾಲು, ಇಬ್ಬರ ಸಹಿ ಇರಲಿ. ಹಣ ಯುಪಿಐ ಮೂಲಕ ನೇರವಾಗಿ ಅವರ ಖಾತೆಗೆ ಹೋಗಲಿ, ಯಾರ ಕೈಗೂ ನಗದು ಬೇಡ. ಖಾಲಿ ಹಾಳೆಗೆ, ಓದದ ಹಾಳೆಗೆ ಸಹಿ ಬೇಡ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ ಎಂದು ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಂ ಹೇಳುತ್ತದೆ. ನೀವಾಗಿ ಬರೆದುಕೊಟ್ಟ ಅರ್ಜಿಗೆ ಹಾಕುವ ಸಹಿ ಬೇರೆ.

ನಿಮ್ಮ ಹೇಳಿಕೆಯನ್ನು ತೆಗೆದುಕೊಳ್ಳಲು ಒಪ್ಪದಿದ್ದರೆ ಜಗಳವಾಡದೆ ಹೊರಬಂದು, ಅದೇ ದಿನ ಠಾಣೆಯ ಇನ್‌ಸ್ಪೆಕ್ಟರಿಗೂ ಸಂಚಾರ ವಿಭಾಗದ ಡಿಸಿಪಿಗೂ ಸ್ಪೀಡ್ ಪೋಸ್ಟ್ ಮೂಲಕ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಿನ್ನೆ ಅವರು ಕಾರಿನ ಕೀ ಕಿತ್ತುಕೊಂಡಿದ್ದರೆ ಅಥವಾ ಅಡ್ಡಗಟ್ಟಿ ಹೋಗಲು ಬಿಡದಿದ್ದರೆ ಅದು ಬೇರೆ ದೂರು: ಅಕ್ರಮ ತಡೆ, ನ್ಯಾಯ ಸಂಹಿತೆಯ 126ನೇ ಕಲಂ. ಅದು ಸಂಚಾರ ಠಾಣೆಗಲ್ಲ, ಕಾನೂನು ಸುವ್ಯವಸ್ಥೆ ಠಾಣೆಗೆ ಹೋಗಬೇಕು.

ಅರ್ಜಿ ಮುಕ್ತಾಯವಾದಾಗ ಹಿಂಬರಹ (ಅರ್ಜಿ ಏನಾಯಿತೆಂದು ಠಾಣೆ ಬರೆದುಕೊಡುವ ಉತ್ತರ) ಕೊಡಿ ಎಂದು ಲಿಖಿತವಾಗಿ ಕೇಳಿ. ‘ಆಯ್ತು ಹೋಗಿ’ ಎಂಬ ಬಾಯಿಮಾತು ಸಾಲದು. ಹಿಂಬರಹ ಕೈಗೆ ಬರುವವರೆಗೆ ಮೆಮೊರಿ ಕಾರ್ಡ್, ಫೋಟೊ, ಮಾಲ್‌ಗೆ ಕೊಟ್ಟ ಪತ್ರದ ಪ್ರತಿ ಎಲ್ಲ ಒಂದೇ ಫೈಲಿನಲ್ಲಿರಲಿ. ಕಾರನ್ನು ಪೇಂಟಿಗೆ ಬಿಡುವುದಿದ್ದರೆ ವಿಮಾ ಸರ್ವೇಯರ್ ಅಥವಾ ಕಂಪನಿ ಪೆಟ್ಟನ್ನು ನೋಡಿಯಾದ ಮೇಲೆ ಬಿಡಿ.